ಟಿವಿಯೊಳಗಿನ ಕವಡೆ

ಇದು ನಡೆದದ್ದು 2004ರಲ್ಲಿ, ಶ್ರಾವಣಕ್ಕೆ ಇನ್ನೂ ಮೂರ್ನಾಲ್ಕು ವಾರ ಇರುವಾಗ. ವರ್ಷದ ಬಗ್ಗೆ ನನಗೆ ಅನುಮಾನವಿಲ್ಲ, ಏಕೆಂದರೆ ಆಗಿನ ನೋಟ್‌ಬುಕ್ ಇನ್ನೂ ನನ್ನ ಬಳಿ ಇದೆ. ಉಳಿದ ವಿಷಯಗಳನ್ನು ಅಷ್ಟು ಧೈರ್ಯವಾಗಿ ಹೇಳಲಾರೆ. ನೆನಪನ್ನು ನಾನು ಆಗಲೂ ನಂಬುತ್ತಿರಲಿಲ್ಲ, ಈಗಲೂ ನಂಬುವುದಿಲ್ಲ. ಆದರೆ ಆಗ ನಾನು ನಂಬದೆ ಇದ್ದದ್ದು ಬೇರೆಯವರ ನೆನಪನ್ನು.

ಎಲೆಕ್ಟ್ರಾನಿಕ್ಸ್‌ನಲ್ಲಿ ಎಂ.ಎಸ್ಸಿ. ಮುಗಿಸಿ ನಾಗರಬಾವಿ ಕಡೆಯ ಒಂದು ಕಾಲೇಜಿನಲ್ಲಿ ತಾತ್ಕಾಲಿಕ ಉಪನ್ಯಾಸಕನಾಗಿದ್ದೆ. ಆರ್‌ಪಿಸಿ ಲೇಔಟಿನ ಒಂದು ಮನೆಯ ಮೇಲಿನ ರೂಮಿನಲ್ಲಿ ಬಾಡಿಗೆಗಿದ್ದೆ. ಕೆಳಗೆ ಮನೆಯ ಮಾಲೀಕರು. ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿದ್ದ ವೀರಭದ್ರಪ್ಪ ಅಂಕಲ್, ಅವರ ಹೆಂಡತಿ ಸುಜಾತಾ ಆಂಟಿ, ಅಂಕಲ್‌ರ ತಾಯಿ ಗಂಗವ್ವ ಅಜ್ಜಿ.

ಅಜ್ಜಿ ಗುಳೇದಗುಡ್ಡದವರು. ಮದುವೆಯಾದ ಮೇಲೂ ಎಷ್ಟೋ ವರ್ಷ ಮಗ್ಗದ ಮೇಲೆ ಕೂತು ಖಣ ನೇಯ್ದವರು, ರವಿಕೆಗೆ ಹಾಕುವ ಆ ಅಂಚಿನ ಬಟ್ಟೆ. ಯಾವ ಹೂವಿಗೆ ಎಷ್ಟು ಎಳೆ ಎತ್ತಬೇಕು, ಎಷ್ಟು ಬಿಡಬೇಕು ಅನ್ನುವುದನ್ನೆಲ್ಲ ಬಾಯಲ್ಲಿ ಗುನುಗುತ್ತಾ ನೇಯುತ್ತಿದ್ದರಂತೆ. “ಕಾಗದದ ಮ್ಯಾಲೆ ಏನೂ ಇರತಿರಲಿಲ್ಲ ತಮ್ಮಾ, ಎಲ್ಲಾ ಇಲ್ಲೇ,” ಎಂದು ವಿಭೂತಿ ಹಚ್ಚಿದ ಹಣೆಯನ್ನು ಬೆರಳಿನಿಂದ ತಟ್ಟಿ ತೋರಿಸುತ್ತಿದ್ದರು. ಪ್ರತಿ ಶ್ರಾವಣಕ್ಕೂ ಒಂದು ಸಣ್ಣ ಟ್ರಂಕು ಹಿಡಿದುಕೊಂಡು ಒಬ್ಬರೇ ಬಸ್ಸು ಹತ್ತಿ ತಂಗಿಯ ಮನೆಗೆ ಹೋಗಿ ಒಂದು ತಿಂಗಳು ಇದ್ದು ಬರುವುದು ಅವರ ಪದ್ಧತಿ. “ಆ ಒಂದು ತಿಂಗಳು ಇಲ್ಲಾಂದ್ರ ಉಳದ ಹನ್ನೊಂದು ತಿಂಗಳು ನನಗ ಸಾಗಂಗಿಲ್ಲ,” ಅನ್ನುತ್ತಿದ್ದರು. ಆ ವರ್ಷ ಅದೇ ಪ್ರಯಾಣ ನಿಂತುಹೋಗುವ ಹಂತಕ್ಕೆ ಬಂತು. ಅದರಲ್ಲಿ ನನ್ನ ಪಾಲೂ ಇತ್ತು.

ಶುರುವಾದದ್ದು ಒಂದು ಆಟದ ಡಬ್ಬಿಯಿಂದ. ಟಿವಿಗೆ ತಂತಿ ಸಿಕ್ಕಿಸಿ, ಕ್ಯಾಸೆಟ್ ಹಾಕಿ ಆಡುವ ವಿಡಿಯೋ ಗೇಮ್ ಆಗ ಮನೆಮನೆಯಲ್ಲೂ ಇರುತ್ತಿತ್ತಲ್ಲ, ಅದು. ಮೊಮ್ಮಗ ಹಾಸ್ಟೆಲಿಗೆ ಹೋದ ಮೇಲೆ ಅವರ ಮನೆಯಲ್ಲಿ ಧೂಳು ತಿನ್ನುತ್ತಾ ಬಿದ್ದಿತ್ತು. ಬಾಡಿಗೆ ಕೊಡಲು ಕೆಳಗೆ ಹೋದಾಗ ಅದನ್ನು ಕಂಡೆ. ಅದರೊಳಗಿನ ಪ್ರೊಸೆಸರ್ ಯಾವುದೆಂದು ಗೊತ್ತಿದ್ದದ್ದರಿಂದ ನನಗೆ ಕೈ ತುರಿಸತೊಡಗಿತು. ಅದೇ ವೇಳೆಗೆ ಅಜ್ಜಿ ಸೋಫಾ ಮೇಲೆ ಕೂತು ಮೊಣಕಾಲು ತಿಕ್ಕಿಕೊಳ್ಳುತ್ತಾ, “ಚೌಕಾಬಾರ ಆಡಿ ಎಷ್ಟು ವರ್ಷ ಆತೋ. ನೆಲದ ಮ್ಯಾಲೆ ಕುಂದ್ರಾಕ ಆಗಂಗಿಲ್ಲ, ಕುಂತ್ರ ಏಳಾಕ ಆಗಂಗಿಲ್ಲ,” ಅಂದರು. 

“ಅಜ್ಜಿ, ಟಿವಿಲೇ ಆಡೋ ಹಾಗೆ ಮಾಡಿಕೊಟ್ರೆ?” ಎಂದೆ.

“ಟಿವ್ಯಾಗ ಕವಡಿ ಯಾರು ಒಗೀತಾರ? ನೀ ಒಳಗ ಕುಂದ್ರತಿ ಏನು?”

ಹಾಗೆ ಹಿಡಿದ ಕೆಲಸ ಎರಡು ತಿಂಗಳು ಹಿಡಿಯಿತು. ಸಿ ಭಾಷೆಯಲ್ಲಿ ಬರೆದದ್ದನ್ನು ಆ ಹಳೆಯ ಪ್ರೊಸೆಸರಿನ ಭಾಷೆಗೆ ತಿರುಗಿಸುವ ಒಂದು ಕಂಪೈಲರ್ ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಸಿಗುತ್ತಿತ್ತು. ವಿಜಯನಗರದ ಸೈಬರ್ ಕೆಫೆಯಲ್ಲಿ ಇಳಿಸಿಕೊಂಡು ಫ್ಲಾಪಿಗಳಲ್ಲಿ ಹೊತ್ತು ತಂದೆ. ಕಾಲೇಜಿನ ಲ್ಯಾಬಿನಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಮಂಜನಿಗೆ ಇದೊಂದು ತಮಾಷೆಯಾಯಿತು.

“ಏನ್ ಮಗಾ, ಎಂಎಸ್ಸಿ ಮಾಡಿ ಮಕ್ಕಳಾಟದ ಡಬ್ಬಾಗೆ ಪ್ರೋಗ್ರಾಂ ಬರೀತಿದೀಯಾ? ಹೆಣ್ಣು ಕೊಡೋರು ಬಂದು ಕೇಳಿದ್ರೆ ಏನ್ ಹೇಳ್ಲಿ?”

“ರಿಸರ್ಚ್ ಮಾಡ್ತಿದಾನೆ ಅನ್ನು.”

“ಅಜ್ಜಿಗೆ ಕವಡೆ ಒಗೆಯೋ ರಿಸರ್ಚ್. ಸರಿ ಗುರು.”

ನನ್ನನ್ನು ಹಿಡಿದಿಟ್ಟದ್ದು ಆಟಕ್ಕಿಂತ ಹೆಚ್ಚಾಗಿ ಆ ಕಂಪೈಲರ್. ಈ ಪ್ರೊಸೆಸರಿಗೆ ಕೂಡುವುದು, ಕಳೆಯುವುದು ಬರುತ್ತದೆ. ಗುಣಿಸುವುದು, ಭಾಗಿಸುವುದು ಬರುವುದಿಲ್ಲ. ಆದರೂ ನಾನು ಎರಡು ಸಂಖ್ಯೆಗಳ ನಡುವೆ ಗುಣಾಕಾರದ ಚಿಹ್ನೆ ಹಾಕಿದರೆ ಉತ್ತರ ಸರಿಯಾಗಿ ಬರುತ್ತಿತ್ತು. ಹೇಗೆ ಎಂದು ಹುಡುಕುತ್ತಾ ಹೋದೆ. ಕಂಪೈಲರಿನ ಜೊತೆಯಲ್ಲೇ ರನ್‌ಟೈಮ್ ಲೈಬ್ರರಿ ಎಂಬ ಸಣ್ಣ ಸಣ್ಣ ಪ್ರೋಗ್ರಾಂಗಳ ಕಟ್ಟು ಬರುತ್ತದೆ. ಯಂತ್ರಕ್ಕೆ ಬಾರದ ಕೆಲಸವನ್ನು ನಾವು ಕೇಳಿದಾಗಲೆಲ್ಲ ಕಂಪೈಲರ್ ಆ ಕಟ್ಟಿನಿಂದ ಒಂದು ತುಣುಕನ್ನು ತೆಗೆದು ನಮ್ಮ ಪ್ರೋಗ್ರಾಂಗೆ ಸದ್ದಿಲ್ಲದೆ ಸೇರಿಸಿಬಿಡುತ್ತದೆ. ಪಂಕ್ತಿಯಲ್ಲಿ ಕೂತವನಿಗೆ ಅಡುಗೆಮನೆ ಕಾಣುವುದಿಲ್ಲವಲ್ಲ, ಹಾಗೆ. ನನಗೆ ಅಡುಗೆಮನೆಗೇ ನುಗ್ಗುವ ಚಪಲ. ಗುಣಾಕಾರದ ತುಣುಕನ್ನು ತೆರೆದು ಓದಿದೆ. ಭಾಗಾಕಾರದ್ದನ್ನು ಮೂರು ದಿನ ಓದಿದೆ. ಒಂದು ಕಡತವನ್ನು ಮಾತ್ರ ತೆರೆಯಲಿಲ್ಲ. ಅದು ಎಲ್ಲಕ್ಕಿಂತ ಮೊದಲು ನಡೆಯುವ ತುಣುಕು, ಆರಂಭದ ತುಣುಕು. ಶುರು ಮಾಡುವುದರಲ್ಲಿ ಓದುವಂಥದ್ದೇನಿರುತ್ತದೆ ಎಂದುಕೊಂಡೆ.

ಕವಡೆ ಒಗೆಯುವುದು ಮುಖ್ಯ ಸಮಸ್ಯೆಯಾಗಿತ್ತು. ಚೌಕಾಬಾರದಲ್ಲಿ ನಾಲ್ಕು ಕವಡೆ. ಎಷ್ಟು ಅಂಗಾತ ಬಿದ್ದವೋ ಅಷ್ಟು ಮನೆ ನಡೆಸಬೇಕು. ನಾಲ್ಕೂ ಅಂಗಾತ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರಾ, ಅಂದರೆ ಎಂಟು. ಇವೆರಡಕ್ಕೂ ಇನ್ನೊಂದು ಸಲ ಒಗೆಯಬಹುದು. ಮನಸ್ಸಿಗೆ ಬಂದಂತೆ ಸಂಖ್ಯೆ ಕೊಡುವ ಒಂದು ತುಣುಕು ಲೈಬ್ರರಿಯಲ್ಲೇ ಇತ್ತು. ಆದರೆ ಅದು ನಿಜಕ್ಕೂ ಮನಸ್ಸಿಗೆ ಬಂದಂತೆ ಕೊಡುವುದಿಲ್ಲ. ಮೊದಲಿಗೆ ಒಂದು ಬೀಜಸಂಖ್ಯೆ ಕೊಟ್ಟರೆ ಅದರಿಂದ ಒಂದಾದ ಮೇಲೊಂದರಂತೆ ಸಂಖ್ಯೆ ಹುಟ್ಟಿಸುತ್ತದೆ. ಬೀಜ ಅದೇ ಆದರೆ ಬೆಳೆಯೂ ಅದೇ. ಹಾಗಾಗಿ ಡಬ್ಬಿ ಆನ್ ಮಾಡಿದಾಗಲೆಲ್ಲ ಬೀಜ ಬೇರೆ ಬೇರೆ ಆಗಬೇಕು.

ಅದಕ್ಕೆ ನಾನೊಂದು ಉಪಾಯ ಮಾಡಿದೆ. ಡಬ್ಬಿ ಆನ್ ಮಾಡಿದ ಕ್ಷಣದಲ್ಲಿ ಅದರ ಮೆಮೊರಿಯಲ್ಲಿ ಏನೇನೋ ಕಸ ತುಂಬಿರುತ್ತದೆ, ಪ್ರತಿ ಸಲವೂ ಸ್ವಲ್ಪ ಬೇರೆ. ಆ ಕಸವನ್ನೆಲ್ಲ ಒಟ್ಟು ಕೂಡಿಸಿ ಬಂದದ್ದನ್ನೇ ಬೀಜವಾಗಿ ಕೊಟ್ಟೆ. ಉಪಾಯ ಬಹಳ ಚೆನ್ನಾಗಿದೆ ಅನ್ನಿಸಿ ಅವತ್ತು ಹೋಟೆಲಿನಲ್ಲಿ ಮಂಜನಿಗೆ ಮಸಾಲೆ ದೋಸೆ ಕೊಡಿಸಿದೆ.

ಹಳೆಯ ಕ್ಯಾಸೆಟ್ ಒಂದನ್ನು ಬಿಚ್ಚಿ, ಅದರ ಚಿಪ್‌ಗಳನ್ನು ಕಿತ್ತು, ನನ್ನ ಪ್ರೋಗ್ರಾಂ ತುಂಬಿದ ಎರಡು ಚಿಪ್ ಬೆಸುಗೆ ಹಾಕಿದೆ. ಬೆಳಕು ಬಿದ್ದರೆ ಅವುಗಳೊಳಗಿರುವುದು ಅಳಿಸಿಹೋಗುತ್ತದೆಂದು ಅವುಗಳ ಮೇಲಿನ ಪುಟ್ಟ ಗಾಜಿನ ಕಿಟಕಿಗೆ ಕಪ್ಪು ಇನ್ಸುಲೇಷನ್ ಟೇಪು ಅಂಟಿಸಿದೆ.

ಆಟ ಕೆಳಗಿನ ಮನೆಯಲ್ಲಿ ಗೆದ್ದಿತು. ಬೆಳಿಗ್ಗೆ ಅಂಕಲ್ ಆಫೀಸಿಗೆ ಹೋದ ಮೇಲೆ, ಅಜ್ಜಿ ಲಿಂಗಪೂಜೆ ಮುಗಿಸಿ, ಸೊಸೆಯನ್ನು ಕೂರಿಸಿಕೊಂಡು ಆಡುವರು. ಭಾನುವಾರ ನನಗೂ ಕರೆ. “ಬಾರೋ ತಮ್ಮಾ, ಸೋಲಾಕ ಬಾ.” ನಿಜವಾಗಿಯೂ ಸೋಲುತ್ತಿದ್ದೆ. ಸತತವಾಗಿ ಮೂರು ಭಾನುವಾರ ಸೋತೆ. ಪ್ರತಿ ಭಾನುವಾರವೂ “ಇವತ್ತು ನಾ ಮೊದಲ” ಅನ್ನುವರು. ಅದರಲ್ಲಿ ಏನಾದರೂ ಇದೆ ಎಂದು ನನಗೆ ಹೊಳೆಯಲಿಲ್ಲ. ಅದೃಷ್ಟ ಅಂದುಕೊಂಡೆ.

ಸುಮಾರು ಮೂರು ವಾರ ಕಳೆದ ಮೇಲೆ, ನಾನು ಕಾಲೇಜಿಗೆ ಹೊರಟಿದ್ದಾಗ, ಗೇಟಿನ ಹತ್ತಿರ ಅಜ್ಜಿ ನಿಲ್ಲಿಸಿದರು. 

“ತಮ್ಮಾ, ಒಂದು ಮಾತು. ನಿನ್ನ ಕವಡಿ ದಿನಾ ಹಂಗ ಬೀಳತಾವ.”

“ಹಂಗೆ ಅಂದ್ರೆ?”

“ನಿನ್ನೆ ಬಿದ್ದಂಗ ಇವತ್ತು. ಇವತ್ತು ಬಿದ್ದಂಗ ನಾಳೆ. ಮೊನ್ನೆ ನಡುವ ಕರೆಂಟ್ ಹೋತು, ತಿರುಗಿ ಬಂದ ಮ್ಯಾಲೆ ಮತ್ತ ಮೊದಲಿಂದ ಅವ ಬಿದ್ದವು. ಬಾ, ತೋರಸ್ತೀನಿ.”

ನನಗೆ ನಗು ಬಂತು. ಬಸ್ಸಿಗೆ ಹೊತ್ತಾಗಿತ್ತು. ಆದರೂ ನಿಂತು ಉಪನ್ಯಾಸ ಕೊಟ್ಟೆ. ಮನುಷ್ಯನ ಮೆದುಳು ಇಲ್ಲದ ಕ್ರಮವನ್ನು ಕಾಣುತ್ತದೆ, ಹೊಂದಿಕೆಯಾದದ್ದನ್ನು ನೆನಪಿಟ್ಟುಕೊಂಡು ಹೊಂದದೆ ಇದ್ದದ್ದನ್ನು ಮರೆತುಬಿಡುತ್ತದೆ, ನೆನಪು ಅನ್ನುವುದು ಫೋಟೋ ಅಲ್ಲ, ಪ್ರತಿ ಸಲ ಹೊಸದಾಗಿ ಕಟ್ಟುವ ಕತೆ ಎಂದೆಲ್ಲ ಹೇಳಿದೆ. ಅಜ್ಜಿ ಪೂರ್ತಿ ಕೇಳಿಸಿಕೊಂಡರು.

“ಅಷ್ಟೆಲ್ಲಾ ನನಗ ತಿಳಿಯಂಗಿಲ್ಲಪಾ. ಆದ್ರ ಅವು ಹಂಗ ಬೀಳತಾವ.”

“ಇಲ್ಲ ಅಜ್ಜಿ. ನಾನೇ ಬರೆದಿದ್ದು. ಟೆಸ್ಟ್ ಮಾಡಿದೀನಿ, ಚೆನ್ನಾಗಿ ನೆನಪಿದೆ.”

ಅದೇ ವಾರ ಮನೆಯಲ್ಲಿ ಇನ್ನೆರಡು ಸಂಗತಿಗಳು ನಡೆದವು. ಅಜ್ಜಿ ಒಲೆಯ ಮೇಲೆ ಹಾಲಿಟ್ಟು ಮರೆತರು, ಪಾತ್ರೆ ಸೀದು ಮನೆಯೆಲ್ಲ ಹೊಗೆಯಾಯಿತು. ಆಮೇಲೆ ಮೂಡಲಪಾಳ್ಯದಲ್ಲಿ ಜೋಳದ ರೊಟ್ಟಿ ಮಾಡಿ ಮಾರುವ ತಮ್ಮ ಊರಿನ ಹೆಂಗಸಿನ ಮನೆಗೆ ಸಂಜೆ ಒಬ್ಬರೇ ಹೋದವರು ಬರುವಾಗ ದಾರಿ ತಪ್ಪಿದರು. ಆಟೋದವರೊಬ್ಬರು ವಿಳಾಸ ಕೇಳಿ ಕೇಳಿ ಮನೆಗೆ ತಂದುಬಿಟ್ಟರು. ಅಂಕಲ್ ಹೆದರಿದರು. ಅವರು ಹೆದರಿದಾಗ ಮಾತಾಡುವ ಜನ ಅಲ್ಲ, ಬರೆಯುವ ಜನ. 

ಭಾನುವಾರ ನನ್ನನ್ನು ಕೆಳಗೆ ಕರೆದರು. ಟಿವಿ ಆನ್ ಇತ್ತು, ಆಟದ ಮೊದಲ ಚಿತ್ರ ಕಾಣುತ್ತಿತ್ತು. ಅಜ್ಜಿ ಅದೇ ಆಗ ಪೂಜೆ ಮುಗಿಸಿ ಬಂದು ಕೂತಿದ್ದರು.

“ತಮ್ಮಾ, ಅವ್ವ ಹೇಳೂದು ಖರೇ ಏನು? ಇದರಾಗ ದಿನಾ ಅವ ಕವಡಿ ಬೀಳತಾವಂತ,” ಎಂದರು ಅಂಕಲ್.

“ಸಾಧ್ಯವಿಲ್ಲ ಅಂಕಲ್.”

“ಬಿಡು, ಈಗ ನೋಡೋಣು,” ಎಂದು ಅಜ್ಜಿ ಸೆರಗು ಸರಿಮಾಡಿಕೊಂಡರು. “ನಾ ಹೇಳತೀನಿ, ನೀ ಒಗಿ. ಮೊದಲೇದು ಮೂರು.”

ನಾನು ಗುಂಡಿ ಒತ್ತಿದೆ. ಒಂದು ಬಿತ್ತು.

“ಇನ್ನೊಮ್ಮೆ. ಎರಡು.”

ಮೂರು ಬಿತ್ತು. ಆಮೇಲೆ ಅವರು ಒಂದು ಅಂದರು, ಎರಡು ಬಿತ್ತು. ನಾಲ್ಕನೆಯದನ್ನು ಅವರು ಹೇಳಲಿಲ್ಲ. ಟಿವಿಯನ್ನೇ ನೋಡುತ್ತಾ ಕೂತರು. ನನಗೆ ಆಗ ಏನನ್ನಿಸಿತು ಎಂಬುದನ್ನು ಬರೆಯಲು ನಾಚಿಕೆಯಾಗುತ್ತದೆ. ಗೆದ್ದಂತೆ ಅನ್ನಿಸಿತು. ಅಜ್ಜಿಯ ಬಗ್ಗೆ ಕನಿಕರವೂ ಇತ್ತು, ಆದರೆ ಮೊದಲು ಬಂದದ್ದು ಅದಲ್ಲ.

“ಇರಬಹುದಪಾ,” ಎಂದರು ಅಜ್ಜಿ. “ನನ್ನ ತಲಿನ ಕೆಟ್ಟಿರಬೇಕು.”

ಅಂಕಲ್ ಜೇಬಿನಿಂದ ಮಡಚಿದ ಹಾಳೆ ತೆಗೆದರು. ಗುರುವಾರ ಡಾಕ್ಟರಿಗೆ ತೋರಿಸಲು ಮಾಡಿಕೊಂಡ ಪಟ್ಟಿ. ಆಫೀಸಿನ ಕಡತದಂತೆ ಕ್ರಮಸಂಖ್ಯೆ ಹಾಕಿ ಬರೆದಿದ್ದರು. ಹಾಲು, ದಾರಿ, ಹೆಸರುಗಳನ್ನು ಅದಲುಬದಲು ಮಾಡುವುದು, ಒಂದೇ ಮಾತನ್ನು ಎರಡು ಸಲ ಹೇಳುವುದು. ನನ್ನೆದುರೇ ಐದನೆಯದನ್ನು ಸೇರಿಸಿದರು: ಟಿವಿ ಆಟದ ಕವಡೆ ದಿನವೂ ಒಂದೇ ರೀತಿ ಬೀಳುತ್ತದೆಂಬ ಭ್ರಮೆ. ಮೇಲಿನ ರೂಮಿನ ಎಂ.ಎಸ್ಸಿ. ಅವರ ಅಭಿಪ್ರಾಯ ಪಡೆಯಲಾಗಿದೆ.

“ಡಾಕ್ಟರ್ ಹೇಳಿದ ಮ್ಯಾಲೆ ಬಸ್ಸಿನ ಟಿಕೆಟ್ ಕ್ಯಾನ್ಸಲ್ ಮಾಡಿಸ್ತೀನವ್ವಾ,” ಎಂದರು. “ಒಬ್ಬಾಕಿನ್ನ ಅಷ್ಟು ದೂರ ಕಳಸಾಕ ನನಗ ಧೈರ್ಯ ಇಲ್ಲ.”

ಸೋಮವಾರ ಬೆಳಿಗ್ಗೆ ನೀರು ತುಂಬಲು ಇಳಿದಾಗ ಕಿಟಕಿಯಿಂದ ಅಜ್ಜಿಯನ್ನು ಕಂಡೆ. ಆಗಲೇ ಜೋಡಿಸಿಟ್ಟಿದ್ದ ಟ್ರಂಕಿನಿಂದ ಸೀರೆಗಳನ್ನು ಒಂದೊಂದಾಗಿ ತೆಗೆದು ಕಪಾಟಿಗೆ ಇಡುತ್ತಿದ್ದರು. ಟಿವಿ ಆಫ್ ಆಗಿತ್ತು. ಆಟದ ಡಬ್ಬಿಯ ಮೇಲೆ ಯಾರೋ ಬಟ್ಟೆ ಹೊದಿಸಿದ್ದರು.

ಬುಧವಾರ ಮಧ್ಯಾಹ್ನ ಲ್ಯಾಬಿನಲ್ಲಿ ಮಂಜ ನನ್ನ ಕಂಪೈಲರಿನ ಪ್ರಿಂಟ್ ಹಿಡಿದು ಕೂತಿದ್ದ. ವಿದ್ಯಾರ್ಥಿಗಳಿಗೆ ತೋರಿಸಲು ಏನೋ ಬೇಕಿತ್ತಂತೆ. ತಲೆ ಎತ್ತದೆ ಕೇಳಿದ:

“ಲೋ, ನೀನು ಮೆಮೊರಿ ಕಸ ಗುಡಿಸಿ ಬೀಜ ಮಾಡಿದೆ ಅಂದ್ಯಲ್ಲ, ಆ ಕಸ ಎಲ್ಲಿಂದ ಬರುತ್ತೆ?”

“ಆನ್ ಮಾಡಿದಾಗ ಇರುತ್ತಲ್ಲೋ.”

“ಇರುತ್ತೆ. ಆದ್ರೆ ನಿನ್ ಪ್ರೋಗ್ರಾಂ ಬರೋ ಹೊತ್ತಿಗೆ ಇರಲ್ಲ ಕಣೋ. ಇಲ್ಲಿ ನೋಡು, ಈ ಆರಂಭದ ತುಣುಕು ಮೊದ್ಲೇ ಬಂದು ಮೆಮೊರಿ ಎಲ್ಲಾ ಸೊನ್ನೆ ಮಾಡ್ಬಿಡುತ್ತೆ. ಆಮೇಲೆ ನಿನ್ನ ಕರೆಯುತ್ತೆ. ನೀನು ಎದ್ದು ಬರೋಷ್ಟರಲ್ಲಿ ಯಾರೋ ಅಂಗಳ ಗುಡಿಸಿ ನೀರು ಹಾಕಿ ಹೋಗಿದಾರೆ.”

“ಇಲ್ಲ. ನಾನು ಟೆಸ್ಟ್ ಮಾಡಿದೀನಿ.”

“ಮಾಡಿದ್ರೆ ಸರಿ. ದೋಸೆ ವಾಪಸ್ ಕೇಳ್ಬೇಡ ಅಷ್ಟೆ.”

ಅವನ ಕೈಯಿಂದ ಹಾಳೆ ಕಿತ್ತುಕೊಂಡು ಓದಿದೆ. ಹತ್ತೋ ಹನ್ನೆರಡೋ ಸಾಲು. ಸೊನ್ನೆಯನ್ನು ಹಿಡಿದುಕೊಂಡು ಮೆಮೊರಿಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬರೆದುಕೊಂಡು ಹೋಗುವ ಸಣ್ಣ ಸುತ್ತು. ನನ್ನ ಪ್ರೋಗ್ರಾಂ ಎಲ್ಲಕ್ಕಿಂತ ಮೊದಲು ಓಡುತ್ತದೆ ಎಂದು ನಾನು ಎರಡು ತಿಂಗಳು ನಂಬಿದ್ದೆ. ಮೊದಲು ಓಡುತ್ತಿದ್ದದ್ದು ಇದು. ಒಟ್ಟು ಕೂಡಿಸಿದರೆ ಪ್ರತಿ ಸಲವೂ ಒಂದೇ ಮೊತ್ತ. ಒಂದೇ ಬೀಜ.

ಆದರೂ ಮನಸ್ಸು ಒಪ್ಪಲಿಲ್ಲ. ಟೆಸ್ಟ್ ಮಾಡಿದ್ದು ನನಗೆ ನೆನಪಿತ್ತು. ಕಂಪ್ಯೂಟರಿನಲ್ಲೇ ಆ ಡಬ್ಬಿಯಂತೆ ವರ್ತಿಸುವ ಒಂದು ಸಾಫ್ಟ್‌ವೇರ್ ಇದೆ, ಅದರಲ್ಲಿ ಆಟವನ್ನು ಹತ್ತಾರು ಸಲ ಓಡಿಸಿದ್ದೆ. ಕವಡೆ ಬೇರೆ ಬೇರೆಯಾಗಿ ಬಿದ್ದದ್ದು ಕಣ್ಣಿಗೆ ಕಟ್ಟಿದಂತಿತ್ತು. ನೋಟ್‌ಬುಕ್ ತೆಗೆದು ಆ ದಿನದ ಪುಟ ಹುಡುಕಿದೆ. ನನ್ನದೇ ಅಕ್ಷರ, ನೀಲಿ ಪೆನ್ನು: “ಕಂಪ್ಯೂಟರಿನಲ್ಲಿ ಪ್ರತಿ ಸಲವೂ ಅದೇ ಕವಡೆ ಬೀಳುತ್ತಿವೆ. ಅಲ್ಲಿ ಮೆಮೊರಿ ಖಾಲಿ ಇರುತ್ತದೆ, ಅದಕ್ಕೇ. ನಿಜವಾದ ಡಬ್ಬಿಯಲ್ಲಿ ಹೀಗಾಗದು.”

ನಾನು ಅದನ್ನು ನೋಡಿದ್ದೆ. ಅಜ್ಜಿಗಿಂತ ಮೊದಲೇ ನೋಡಿದ್ದೆ. ನೋಡಿ, ಅದಕ್ಕೊಂದು ಕಾರಣ ಹೇಳಿಕೊಂಡು, ಮರೆತು, ಆ ಜಾಗದಲ್ಲಿ ಬೇರೆಯೇ ನೆನಪನ್ನು ಇಟ್ಟುಕೊಂಡಿದ್ದೆ. ಗೇಟಿನ ಹತ್ತಿರ ನಿಂತು ಅಜ್ಜಿಗೆ ಕೊಟ್ಟ ಉಪನ್ಯಾಸವೆಲ್ಲ ಒಂದೊಂದು ವಾಕ್ಯವಾಗಿ ಕಿವಿಯಲ್ಲಿ ಕೇಳತೊಡಗಿತು. 

ಹಾಗಾದರೆ ಭಾನುವಾರ ಅವರು ಹೇಳಿದ್ದು ಯಾಕೆ ತಪ್ಪಾಯಿತು? ಬಸ್ಸಿನಲ್ಲಿ ಬರುವಾಗ ಪೂರ್ತಿ ಅದನ್ನೇ ಯೋಚಿಸಿದೆ. ಬೀಜ ಬೀಳುವುದು ಡಬ್ಬಿಯ ಸ್ವಿಚ್ಚು ಹಾಕಿದಾಗ ಮಾತ್ರ. ಒಂದು ಆಟ ಮುಗಿಸಿ, ಸ್ವಿಚ್ಚು ಮುಟ್ಟದೆ ಇನ್ನೊಂದು ಆಟ ಶುರುಮಾಡಿದರೆ ಕವಡೆಗಳ ಸಾಲು ನಿಂತಲ್ಲಿಂದ ಮುಂದುವರಿಯುತ್ತದೆ. ನಾನು ಹೋದಾಗ ಟಿವಿ ಆಗಲೇ ಆನ್ ಇತ್ತು.

ಬಸ್ಸಿಳಿದು ಹೆಚ್ಚುಕಡಿಮೆ ಓಡುತ್ತಲೇ ಹೋದೆ. ಸುಜಾತಾ ಆಂಟಿ ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದರು.

“ಆಂಟಿ, ಭಾನುವಾರ ನಾನು ಬರೋಕೆ ಮುಂಚೆ ಆ ಗೇಮ್ ಯಾರಾದ್ರೂ ಆಡಿದ್ರಾ?”

“ನಾನೇ ಆಡಿದ್ದೆ ಕಣಪ್ಪ. ಅತ್ತೆ ಪೂಜೆಗೆ ಕೂತಿದ್ರಲ್ಲ, ಒಬ್ಳೇ ಎರಡೂ ಕಡೆ ಆಡ್ತಾ ಇದ್ದೆ. ಯಾಕೆ, ಏನಾದ್ರೂ ಕೆಟ್ಟೋಯ್ತಾ?”

“ಇಲ್ಲ ಆಂಟಿ. ಕೆಟ್ಟಿರೋದು ಬೇರೆ.”

ಅಜ್ಜಿ ಒಳಗೆ ಮಂಚದ ಮೇಲೆ ಮಲಗಿದ್ದರು. ಎದ್ದು ಬನ್ನಿ, ಕವಡೆ ಹೇಳಿ ಎಂದರೆ ಕೈ ಬೀಸಿದರು. 

“ಬ್ಯಾಡ ತಮ್ಮಾ. ಒಮ್ಮೆ ಆತಲ್ಲ.”

“ಅಜ್ಜಿ, ತಪ್ಪು ನಂದು ಇರಬೇಕು. ಒಂದೇ ಒಂದು ಸಲ.”

“ನಿಂದು ಹೆಂಗ ತಪ್ಪಾಕ್ಕೈತಿ? ನೀ ಕಲತಾಂವ.”

ಆ ಮಾತಿನಲ್ಲಿ ಕುಟುಕು ಇತ್ತೋ ಇಲ್ಲವೋ ಈಗಲೂ ನನಗೆ ಗೊತ್ತಿಲ್ಲ. ಕೊನೆಗೆ ಆಂಟಿ ಅವರನ್ನು ಎಬ್ಬಿಸಿಕೊಂಡು ಬಂದು ಸೋಫಾ ಮೇಲೆ ಕೂರಿಸಿದರು. ನಾನು ಬಟ್ಟೆ ತೆಗೆದು, ಡಬ್ಬಿಯ ಸ್ವಿಚ್ಚು ಆಫ್ ಮಾಡಿದ್ದನ್ನು ಖಚಿತಪಡಿಸಿಕೊಂಡು, ಹತ್ತರವರೆಗೆ ಎಣಿಸಿ ಆನ್ ಮಾಡಿದೆ.

ಅಜ್ಜಿ ಟಿವಿ ನೋಡಲಿಲ್ಲ. ಕಣ್ಣು ಮುಚ್ಚಿಕೊಂಡು, ತೊಡೆಯ ಮೇಲೆ ಬೆರಳು ಆಡಿಸುತ್ತಾ, ಮಗ್ಗದ ಮುಂದೆ ಕೂತವರಂತೆ ಗುನುಗತೊಡಗಿದರು. “ಮೂರು, ಎರಡು, ಒಂದು, ಎರಡು, ಬಾರಾ…”

ಮೂರು ಬಿತ್ತು. ಎರಡು ಬಿತ್ತು. ಒಂದು, ಎರಡು. ಆಮೇಲೆ ನಾಲ್ಕೂ ಬೋರಲು, ಬಾರಾ. ಸುಜಾತಾ ಆಂಟಿ ಸೊಪ್ಪಿನ ಕೈಯನ್ನೇ ಬಾಯಿಗೆ ಇಟ್ಟುಕೊಂಡರು. “ಎರಡು, ಮೂರು, ಮೂರು, ಒಂದು…” ಅಜ್ಜಿ ಒಂದು ಕಡೆಯೂ ತಡವರಿಸಲಿಲ್ಲ. ಹದಿನೇಳರವರೆಗೆ ಹೇಳಿದರು. ಹದಿನೇಳೂ ಹಾಗೆಯೇ ಬಿದ್ದವು. 

ಕಣ್ಣು ತೆರೆದು, “ಮುಂದಿಂದು ಗೊತ್ತಿಲ್ಲಪಾ,” ಎಂದರು. “ಅಷ್ಟರೊಳಗ ಸುಜಾತಾ ಸೋತಂಗನ.”

ಸುಜಾತಾ ಆಂಟಿ ಎಷ್ಟು ನಕ್ಕರೆಂದರೆ ಅದು ಮಧ್ಯದಲ್ಲಿ ಅಳುವಾಯಿತು. “ಅಂದ್ರೆ ಅತ್ತೆ, ಮೊದ್ಲು ನಾನಾ ನೀವಾ ಅಂತ ದಿನಾ ನೀವೇ ಹೇಳ್ತಿದ್ರಲ್ಲ…”

“ಮತ್ತ? ಬಾರಾ ಯಾರಿಗೆ ಬೀಳತೈತಿ ನೋಡಬ್ಯಾಡ ಏನು?”

ಸಂಜೆ ಅಂಕಲ್ ಬಂದಾಗ ಮತ್ತೆ ತೋರಿಸಿದೆವು. ಈ ಸಲ ಸ್ವಿಚ್ಚನ್ನು ಅವರ ಕೈಯಲ್ಲೇ ಹಾಕಿಸಿದೆ. ಶೂ ಕೂಡ ಬಿಚ್ಚದೆ ನಿಂತುಕೊಂಡೇ ನೋಡಿದರು. ಆಮೇಲೆ ಜೇಬಿನಿಂದ ಅದೇ ಹಾಳೆ ತೆಗೆದು, ಐದನೆಯ ಸಾಲಿನ ಮೇಲೆ ಸ್ಕೇಲ್ ಇಟ್ಟು ಗೆರೆ ಹೊಡೆದು, ಪಕ್ಕದಲ್ಲಿ “ಕೈಬಿಡಲಾಗಿದೆ” ಎಂದು ಬರೆದರು. ಹಾಳೆಯನ್ನು ನನ್ನ ಕಡೆ ತಳ್ಳಿದರು.

“ಸಹಿ ಹಾಕು.”

ನಾನು ನಗುತ್ತಾ ಅವರ ಮುಖ ನೋಡಿದೆ. ಅವರು ನಗುತ್ತಿರಲಿಲ್ಲ. ಸಹಿ ಹಾಕಿದೆ.

“ಒಲಿ ಮ್ಯಾಲಿನ ಹಾಲು ಮರತಿದ್ದು ಖರೇನ ಅವ್ವಾ,” ಎಂದರು ಅಂಕಲ್.

“ಅದು ಖರೇನ,” ಎಂದರು ಅಜ್ಜಿ. “ಹಾಲು ಮರತೇನಿ. ಅದನ್ನ ಬರಕೋ. ಕವಡಿ ಮರತಿಲ್ಲ.”

ಮರುದಿನ ಡಾಕ್ಟರ ಬಳಿಗೆ ಹೋಗಿಯೇ ಹೋದರು. ಡಾಕ್ಟರು ಅಜ್ಜಿಯನ್ನು ಮುಕ್ಕಾಲು ಗಂಟೆ ಮಾತಾಡಿಸಿದರಂತೆ. ವಯಸ್ಸಿಗೆ ತಕ್ಕ ಮರೆವು ಸ್ವಲ್ಪ ಇದೆ, ಒಲೆಯ ಹತ್ತಿರ ಯಾರಾದರೂ ಇರಲಿ, ಆದರೆ ಮೊದಲು ಕಣ್ಣು ತೋರಿಸಿ ಎಂದರಂತೆ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಸಂಜೆಯ ಮಬ್ಬಿನಲ್ಲಿ ಮೂಡಲಪಾಳ್ಯದ ಅಡ್ಡರಸ್ತೆಗಳು ಅವರಿಗೆ ಒಂದೇ ತರಹ ಕಂಡಿದ್ದರಲ್ಲಿ ಆಶ್ಚರ್ಯವಿರಲಿಲ್ಲ. ಶ್ರಾವಣಕ್ಕೆ ಊರಿಗೆ ಹೋಗಿ ಬಂದ ಮೇಲೆ ಆಪರೇಷನ್ ಎಂದು ತೀರ್ಮಾನವಾಯಿತು. ಟಿಕೆಟ್ ಕ್ಯಾನ್ಸಲ್ ಆಗಲಿಲ್ಲ. 

ಹೊರಡುವ ದಿನ ಟ್ರಂಕನ್ನು ಆಟೋಗೆ ಇಟ್ಟವನು ನಾನೇ. ಅಲ್ಲಿಯವರೆಗೂ ಸರಿಯಾಗಿ ಕ್ಷಮೆ ಕೇಳಿರಲಿಲ್ಲ. “ಅಜ್ಜಿ, ತಪ್ಪಾಯ್ತು,” ಎಂದೆ.

“ತಪ್ಪು ಎಲ್ಲಾರಿಗೂ ಆಕ್ಕಾವ ತಮ್ಮಾ. ಆದ್ರ ಅವತ್ತು ಗೇಟಿನಾಗ ಹೇಳಿದೆನಲ್ಲ, ಬಾ ತೋರಸ್ತೀನಿ ಅಂತ. ಒಳಗ ಬಂದು ಸ್ವಿಚ್ ಹಾಕಿದ್ರ ಎರಡು ಮಿನಿಟ್ ಹಿಡೀತಿತ್ತು. ನೀ ನಿಂತು ಅದಕ್ಕಿಂತ ಹೆಚ್ಚು ಹೊತ್ತು ಮಾತಾಡಿದಿ.”

ಟ್ರಂಕನ್ನು ಇನ್ನಷ್ಟು ಒಳಗೆ ತಳ್ಳಿದೆ. “ನೀವು ಬರೋಷ್ಟರಲ್ಲಿ ಆ ತಪ್ಪು ಸರಿಮಾಡಿ ಇಟ್ಟಿರ್ತೀನಿ. ಕವಡೆ ದಿನಾ ಬೇರೆ ಬೇರೆ ಬೀಳೋ ಹಾಗೆ. ಆಟ ಶುರುಮಾಡೋಕೆ ಗುಂಡಿ ಒತ್ತೋಕೆ ಎಷ್ಟು ಹೊತ್ತು ತಗೊಂಡ್ರಿ ಅಂತ ಲೆಕ್ಕ ಇಟ್ಟು…”

“ಮುಟ್ಟಬ್ಯಾಡ,” ಎಂದರು ಅಜ್ಜಿ. ಆಟೋದೊಳಗಿಂದ ನನ್ನ ಮಣಿಕಟ್ಟು ಹಿಡಿದುಕೊಂಡರು. “ಅದು ಹಂಗ ಇರಲಿ. ನಾಳೆ ಇವರು ಮತ್ತ ನನ್ನ ತಲಿ ಮ್ಯಾಲೆ ಸಂಶಯ ಪಟ್ರ ನನಗೊಂದು ಸಾಕ್ಷಿ ಬೇಕು.”

ಹಾಗೆಯೇ ಬಿಟ್ಟೆ. ಎರಡು ವರ್ಷದ ನಂತರ ನಾನು ಆ ರೂಮು ಬಿಟ್ಟೆ. ಅಜ್ಜಿ ತೀರಿಕೊಂಡ ಮೇಲೆ ಒಮ್ಮೆ ಮಾತಾಡಿಸಲು ಹೋದಾಗ ಸುಜಾತಾ ಆಂಟಿ ಡಬ್ಬಿಯನ್ನೂ ಕ್ಯಾಸೆಟ್ಟನ್ನೂ ಒಂದು ಖಣದ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. “ಕೊನೆವರೆಗೂ ನಂಗೆ ಮೊದಲು ಆಡೋಕೆ ಬಿಡ್ಲಿಲ್ಲಪ್ಪ,” ಎಂದರು.

ಈ ಅನುಭವವನ್ನು ವಿದ್ಯಾರ್ಥಿಗಳಿಗೆ ಎಷ್ಟೋ ಸಲ ಹೇಳಿದ್ದೇನೆ. ನಾವು ಬರೆದ ಮೊದಲ ಸಾಲಿಗಿಂತ ಮೊದಲು ಏನು ನಡೆಯುತ್ತದೆ ನೋಡಿ ಎಂದು ಲೈಬ್ರರಿಯ ಪಾಠಕ್ಕೆ ಇದನ್ನೇ ಉದಾಹರಣೆ ಕೊಡುತ್ತೇನೆ. ಪ್ರತಿ ಸಲವೂ ಅಜ್ಜಿಯ ಗುನುಗನ್ನೂ ಹೇಳುತ್ತೇನೆ. ಮೂರು, ಎರಡು, ಒಂದು, ಎರಡು, ಬಾರಾ. ಮೇಲೆಯೂ ಹಾಗೆಯೇ ಬರೆದಿದ್ದೇನೆ. 

ಈ ಬರಹವನ್ನು ಕಳಿಸುವ ಮುನ್ನ ನಿನ್ನೆ ಬೆಳಿಗ್ಗೆ ಬೀರುವಿನಿಂದ ಆ ಗಂಟು ತೆಗೆದೆ. ಈಗಿನ ಟಿವಿಗೆ ತಂತಿ ಸಿಕ್ಕಿಸುವಷ್ಟರಲ್ಲಿ ಸಾಕುಸಾಕಾಯಿತು. ಕಪ್ಪು ಟೇಪು ಬಿಸಿಲು ಕಾಣದೆ ಹಾಗೆಯೇ ಇತ್ತು. ಸ್ವಿಚ್ಚು ಹಾಕಿದೆ. ಚೌಕಾಬಾರದ ಮನೆಗಳು ಮೂಡಿದವು. ಗುಂಡಿ ಒತ್ತಿದೆ. 

ಎರಡು ಬಿತ್ತು. ಆಮೇಲೆ ಮೂರು. ಆಮೇಲೆ ಒಂದು, ಎರಡು, ಬಾರಾ.

ಆಫ್ ಮಾಡಿ ಮತ್ತೆ ಹಾಕಿದೆ. ಎರಡು, ಮೂರು, ಒಂದು, ಎರಡು, ಬಾರಾ. ಅಜ್ಜಿ ಹೇಳಿದ್ದು ಅದೇ ಇರಬೇಕು, ಬೇರೆ ಇರಲು ಸಾಧ್ಯವೇ ಇಲ್ಲ. ಇಷ್ಟು ವರ್ಷ ತಿರುಗುಮುರುಗು ಮಾಡಿ ಹೇಳುತ್ತಾ ಬಂದವನು ನಾನು. ಮೇಲೆ ಬರೆದದ್ದನ್ನು ತಿದ್ದೋಣವೆಂದು ಪೆನ್ನು ಎತ್ತಿಕೊಂಡು, ಬೇಡವೆಂದು ಬಿಟ್ಟೆ. ಅದು ನನ್ನ ನೆನಪು, ಹಾಗೆಯೇ ಇರಲಿ. ಇದು ಅಜ್ಜಿಯದು. 

ಆಮೇಲೆ ಕಾಲೇಜಿಗೆ ಹೊತ್ತಾದರೂ ಕೂತು ಹದಿನೇಳರವರೆಗೂ ಒತ್ತಿದೆ. ಹದಿನೆಂಟನೆಯದನ್ನು ಒತ್ತಲಿಲ್ಲ.